ಹಳಸಿದ ಪುಸ್ತಕಗಳ ದಾಸೋಹ

ನಮ್ಮ ಅಡುಗೆಮನೆಯ ಮೇಲಿನ ಅಟ್ಟದ ತೊಲೆ ನಡುವಿನಲ್ಲಿ ಮೂರು ಬೆರಳಿನಷ್ಟು ಬಾಗಿದೆಯೆಂಬ ಸಂಗತಿಯನ್ನು ಮೊದಲು ಪತ್ತೆಹಚ್ಚಿದವಳು ನನ್ನ ಹೆಂಡತಿ ಗಿರಿಜಾ. ರೊಟ್ಟಿ ಬಡಿಯುವವರ ದೃಷ್ಟಿ ಸಾಮಾನ್ಯವಾಗಿ ಕೆಳಗೇ ಇರುತ್ತದೆ; ಅಂದೇಕೋ ಅವಳು ಬೆವರು ಒರೆಸಿಕೊಳ್ಳಲು ಮುಖ ಎತ್ತಿದಳು, ಮೇಲೆ ನೋಡಿದಳು, ಹಂಚಿನ ಮೇಲಿನ ರೊಟ್ಟಿಯನ್ನು ಹಾಗೆಯೇ ಬಿಟ್ಟು ನನ್ನನ್ನು ಕರೆದಳು. ವಿದ್ಯೆಯಿಂದ ವಿನಯ ಬರುತ್ತದೆ ಎಂದು ಮೂವತ್ತೈದು ವರ್ಷ ಹೈಸ್ಕೂಲಿನ ಮಕ್ಕಳಿಗೆ ಹೇಳಿಕೊಂಡು ಬಂದ ಕನ್ನಡ ಮಾಸ್ತರ ನಾನು. ಆ ವಿನಯ ನನಗೆ ಬರದೆ ನೇರವಾಗಿ ನಮ್ಮ ತೊಲೆಗೆ ಬಂದಿತ್ತು. ಅಟ್ಟದ ತುಂಬ ಇದ್ದದ್ದು ನನ್ನ ಪುಸ್ತಕಗಳು. "ಪುಸ್ತಕ ತಲಿಯೊಳಗ ಇರಬೇಕ್ರಿ, ತಲಿ ಮ್ಯಾಲಲ್ಲ. ಶ್ರಾವಣ ಬರೂದ್ರೊಳಗ ಇಳಸ್ರಿ" ಎಂದು ಗಿರಿಜಾ ತೀರ್ಪು ಕೊಟ್ಟಳು. ಮೇಲ್ಮನವಿಗೆ ಅವಕಾಶವಿರಲಿಲ್ಲ, ರೊಟ್ಟಿ ಬೇರೆ ಸೀದಿತ್ತು.

ಸಂಗ್ರಹ ಎಂಬ ಪದದೊಳಗೇ ಒಂದು ಗ್ರಹ ಅಡಗಿ ಕುಳಿತಿದೆ ಎಂಬುದನ್ನು ನೀವು ಗಮನಿಸಿರಬಹುದು. ಶನಿಯಾದರೂ ಏಳೂವರೆ ವರ್ಷಕ್ಕೆ ಕೈಬಿಡುತ್ತಾನೆ; ಇದು ಹಿಡಿದರೆ ಬಿಡುವ ಜಾತಿಯದಲ್ಲ. ನನ್ನ ಅಟ್ಟದಲ್ಲಿ ನಾನು ಹಸಿವು ಮರೆತು ಓದಿದ ಕಾದಂಬರಿಗಳಿದ್ದವು, ನಿಜ. ಅವುಗಳ ಜೊತೆಗೆ, ಪ್ರಕಾಶಕರು ಮಾದರಿಯೆಂದು ಕಳಿಸಿದ ಮಾರ್ಗದರ್ಶಿಗಳು, ಮೂರು ಸಲ ಬದಲಾದ ಪಠ್ಯಕ್ರಮದ ಮೂರೂ ತಲೆಮಾರಿನ ಪಠ್ಯಗಳು, ಕೃಷಿಮೇಳದಲ್ಲಿ ಹಂಚಿದ ಕೈಪಿಡಿಗಳು, ಸಾಮಾನ್ಯಜ್ಞಾನದ ದಪ್ಪ ಹೊತ್ತಿಗೆಗಳು, ಬೀಳ್ಕೊಡುಗೆಯಲ್ಲಿ ಬಂದ ಎರಡೆರಡು ಪ್ರತಿಗಳು ಎಲ್ಲವೂ ಇದ್ದವು. ಒಂದು ಮೂಲೆಯಲ್ಲಿ ನನ್ನದೇ ಆದ ತೆಳ್ಳನೆಯ ಕವನಸಂಕಲನದ ಅರವತ್ತು ಪ್ರತಿಗಳು ಮುದ್ರಣಾಲಯದವರು ಕಟ್ಟಿದ ಹುರಿಯನ್ನು ಕೂಡ ಬಿಚ್ಚಿಕೊಳ್ಳದೆ, ಲೋಕದ ಗೊಡವೆ ಬೇಡವೆಂಬಂತೆ ತಪಸ್ಸಿಗೆ ಕುಳಿತಿದ್ದವು. ಲೋಕಕ್ಕೂ ಅವುಗಳ ಗೊಡವೆ ಬೇಕಿರಲಿಲ್ಲ.

ಇಳಿಸಿದ್ದೇನೋ ಆಯಿತು, ಕಳಿಸುವುದೆಲ್ಲಿಗೆ? ಆ ವಾರವೇ ನವಲಗುಂದದ ಮಾಬೂಸಾಬ ತನ್ನ ಹಳೆಯ ಮೊಪೆಡ್ಡಿನ ಎರಡೂ ಬದಿಗೆ ಚೀಲ ಕಟ್ಟಿಕೊಂಡು, ರದ್ದೀ ಎಂದು ಕೂಗುತ್ತ ಅಣ್ಣಿಗೇರಿಯ ನಮ್ಮ ಓಣಿಗೆ ಬಂದ. ನಮ್ಮ ಕಡೆ ರದ್ದಿ ಎಂದರೆ ಕಿಲೋ ಲೆಕ್ಕದಲ್ಲಿ ತೂಗಿ ಒಯ್ಯುವ ಹಳೆಯ ಕಾಗದ. ಪಡಸಾಲೆಯಲ್ಲಿ ಗುಡ್ಡೆಯಾಗಿ ಬಿದ್ದ ನನ್ನ ಸಂಪತ್ತನ್ನು ಕಂಡು ಅವನು ಕುಕ್ಕರಗಾಲಿನಲ್ಲಿ ಕೂತ, ತಕ್ಕಡಿ ತೆಗೆಯಲಿಲ್ಲ. ನಾಲ್ಕಾರು ಪುಸ್ತಕ ಎತ್ತಿ, ಹಾಳೆ ತಿಕ್ಕಿ ನೋಡಿ, ವೈದ್ಯನ ಗಾಂಭೀರ್ಯದಿಂದ ಹೇಳಿದ: "ಸರ್, ಇದರಾಗ ಅರ್ಧಕ್ಕ ಜೀವ ಐತ್ರಿ, ಅರ್ಧದ್ದು ಹೋಗೈತಿ. ಹೋದದ್ದು ನನಗ ಕೊಡ್ರಿ, ಮಣ್ಣ ಮಾಡತೇನಿ. ಜೀವ ಇದ್ದದ್ದು ನಿಮ್ಮ ಹತ್ರ ಇರ್ಲಿ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಸರಸ್ವತಿಯನ್ನು ತಕ್ಕಡಿಯಲ್ಲಿ ಕೂಡಿಸುವುದೇ? ಕಾಲಿಗೆ ಪುಸ್ತಕ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಸಂಸ್ಕಾರದವನು ನಾನು. ರದ್ದಿಗೂ ಬುದ್ಧಿಗೂ ಪ್ರಾಸ ಕೂಡಬಹುದು, ಸಂಬಂಧ ಕೂಡದು ಎಂದು ಅವನಿಗೊಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಅವನು ನಕ್ಕು, ಗಿರಿಜಾ ಕೊಟ್ಟ ಚಹಾ ಕುಡಿದು, ಬರತೇನ್ರಿ ಎಂದು ಹೋದ. ನಾನು ಆ ಕ್ಷಣವೇ ಸಂಕಲ್ಪ ಮಾಡಿದೆ: ಒಂದು ಹಾಳೆಯನ್ನೂ ರದ್ದಿಗೆ ಹಾಕದೆ ಎಲ್ಲವನ್ನೂ ದಾನ ಮಾಡಬೇಕು. ಈಗ ಯೋಚಿಸಿದರೆ, ಅದು ಪುಸ್ತಕದ ಮೇಲಿನ ಪ್ರೀತಿ ಎಷ್ಟೋ, ಆರಿಸುವ ಸೋಮಾರಿತನವೂ ಅಷ್ಟೇ ಆಗಿತ್ತು.

ದಾನಕ್ಕೆ ಪಾತ್ರ ಹುಡುಕುವುದು ಕಷ್ಟವಾಗಲಿಲ್ಲ. ಗುಡಗೇರಿ ಸ್ಟೇಷನ್ನಿನಿಂದ ಎರಡು ಮೈಲಿ ಒಳಗಿರುವ ಹಳ್ಳಿಯೊಂದರಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೆ. ಅಲ್ಲಿಯ ಹಿರಿಯರು ಮಠದ ಪಕ್ಕದ ಕೋಣೆಯಲ್ಲಿ ಒಂದು ವಾಚನಾಲಯ ತೆರೆದಿದ್ದರು. ಕಪಾಟು ಇತ್ತು, ಪುಸ್ತಕ ಇರಲಿಲ್ಲ. ನನ್ನ ಹತ್ತಿರ ಪುಸ್ತಕ ಇತ್ತು, ಜಾಗ ಇರಲಿಲ್ಲ. ಜಾತಕ ಕೂಡಿಬಂದ ಮೇಲೆ ತಡವೇಕೆ? ಕಳಿಸುವ ಮೊದಲು ಒಂದು ವಾರ ಕೂತು, ಪ್ರತಿ ಪುಸ್ತಕದ ಮೊದಲ ಹಾಳೆಯಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ "ನಂಬಿ ಓದಿರಿ, ಓದಿ ಬೆಳೆಯಿರಿ" ಎಂದು ಬರೆದು ಸಹಿ ಮಾಡಿದೆ. ಒಳಗೇನಿದೆ ಎಂದು ತಿರುವಿ ನೋಡಲು ಮಾತ್ರ ಪುರಸೊತ್ತು ಆಗಲಿಲ್ಲ. ಶ್ರಾವಣದ ಒಂದು ಸೋಮವಾರ ಸಮಾರಂಭವಾಯಿತು. ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ದಾನದ ಮಹಿಮೆಯನ್ನು ಕುರಿತು ಮುಕ್ಕಾಲು ಗಂಟೆ ಮಾತನಾಡಿದೆ. ಸಭಿಕರು ಅದನ್ನೂ ದಾನವೆಂದೇ ಸಹಿಸಿಕೊಂಡರು.

ಆಮೇಲಿನ ಮೂರು ತಿಂಗಳು ನಾನು ಅಣ್ಣಿಗೇರಿಯಲ್ಲಿ ಸುಖವಾಗಿ ಉಬ್ಬಿಕೊಂಡಿದ್ದೆ. ಕಿರಾಣಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದ ಕುರ್ಚಿಯಲ್ಲಿ ಮಾತು ಎಲ್ಲಿಂದ ಹೊರಟರೂ ನನ್ನ ಪುಸ್ತಕದಾನದ ಊರಿಗೇ ಬಂದು ನಿಲ್ಲುತ್ತಿತ್ತು. ದೀಪಾವಳಿ ಕಳೆದು, ಎರೆಹೊಲಗಳಲ್ಲಿ ಕಡಲೆ ಹಸಿರಾದ ಹೊತ್ತಿಗೆ, ಒಂದು ರವಿವಾರ ಮುಂಜಾನೆ ಶಿವಲೀಲಾ ನಮ್ಮ ಮನೆಗೆ ಬಂದಳು.

ಶಿವಲೀಲಾ ಅದೇ ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಈಗ ಎರಡು ಮಕ್ಕಳ ತಾಯಿ, ಶಾಲೆಯ ಬಿಸಿಯೂಟದ ಅಡುಗೆಯವಳು. ತಾಲೂಕಿನ ಪಂಚಾಯ್ತಿಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಖಾಲಿಯಿತ್ತು. ಅದಕ್ಕೊಂದು ಪರೀಕ್ಷೆ ಇಟ್ಟಿದ್ದರು. ಹಿಂದಿನ ಸಲ ಇಂಥದ್ದೇ ಪರೀಕ್ಷೆಯಲ್ಲಿ ಅವಳಿಗೆ ಎರಡು ಅಂಕ ಕಡಿಮೆ ಬಿದ್ದಿದ್ದವು. ವಯಸ್ಸಿನ ಮಿತಿಯ ಪ್ರಕಾರ ಇದು ಅವಳಿಗೆ ಕೊನೆಯ ಅವಕಾಶ. ಬೆಳಗಿನ ಅಡುಗೆ, ಮಧ್ಯಾಹ್ನದ ಅಡುಗೆ ಎರಡರ ನಡುವೆ ವಾಚನಾಲಯದಲ್ಲಿ ಕೂತು, ನಾನು ಕೊಟ್ಟ ಪುಸ್ತಕಗಳನ್ನೇ ಓದಿ ಮೂರು ನೋಟ್‌ಬುಕ್ಕು ತುಂಬಿಸಿದ್ದಳು. ಅವನ್ನು ತಿದ್ದಿಸಿಕೊಳ್ಳಲೆಂದು ಗುಡಗೇರಿಯಲ್ಲಿ ರೈಲು ಹಿಡಿದು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ನನ್ನ ದಾನ ಫಲ ಕೊಟ್ಟಿತೆಂದು ನನ್ನ ಕಣ್ಣು ತುಂಬಿ ಬಂತು. ಗಿರಿಜಾಳಿಗೆ ಕೇಳುವಂತೆ ನೋಟ್‌ಬುಕ್ಕನ್ನು ಜೋರಾಗಿಯೇ ಓದಲು ಸುರುಮಾಡಿದೆ.

ಮೊದಲ ಪುಟದಲ್ಲೇ ನನ್ನ ದನಿ ಇಳಿಯಿತು. ಧಾರವಾಡ ಜಿಲ್ಲೆಯ ತಾಲೂಕುಗಳು ಎಷ್ಟು ಎಂಬ ಪ್ರಶ್ನೆಗೆ ಅವಳು ಮುತ್ತಿನಂಥ ಅಕ್ಷರದಲ್ಲಿ ಹದಿನೇಳು ಎಂದು ಬರೆದಿದ್ದಳು. ಗದಗ, ಹಾವೇರಿ, ರೋಣ, ಹಾನಗಲ್ಲ, ರಾಣೆಬೆನ್ನೂರು ಎಲ್ಲವೂ ಪಟ್ಟಿಯಲ್ಲಿದ್ದವು. ಜಿಲ್ಲೆ ಒಡೆದು ಮೂರಾಗಿ, ಗದಗ ಹಾವೇರಿಗಳು ತಾವೇ ಜಿಲ್ಲೆಗಳಾಗಿ ಎಷ್ಟು ಕಾಲವಾಯಿತು! ಇನ್ನು ಅಣ್ಣಿಗೇರಿಯೋ, ನವಲಗುಂದ ತಾಲೂಕಿನ ಒಂದು ಹೋಬಳಿ ಎಂದಿತ್ತು. ಅವಳು ಬಸ್ಸಿಳಿದು ನಮ್ಮ ಮನೆಗೆ ಬಂದದ್ದೇ ಅಣ್ಣಿಗೇರಿ ತಾಲೂಕು ಕಚೇರಿಯ ಬೋರ್ಡಿನ ಮುಂದಿನಿಂದ.

"ಯವ್ವಾ, ಈಗ ನೀ ಯಾವ ತಾಲೂಕಿನಾಗ ಕುಂತೀ?" ಎಂದೆ.

"ಅಣ್ಣಿಗೇರಿ ತಾಲೂಕರಿ ಸರ್."

"ಗದಗ?"

"ಅದು ಜಿಲ್ಲಾರಿ. ನಮ್ಮ ಅಕ್ಕನ್ನ ಅಲ್ಲೇ ಕೊಟ್ಟೇವಲ್ರಿ."

"ಮತ್ತ ಹಿಂಗ್ಯಾಕ ಬರದೀ?"

ಅವಳು ನನ್ನನ್ನು, ಇಷ್ಟೂ ತಿಳಿಯದೇ ಎಂಬಂತೆ ನೋಡಿದಳು. "ಅದು ಆಡೂ ಮಾತ್ರಿ ಸರ್, ಇದು ಬರಿಯೂ ಮಾತು. ಬಾಯಿಗೆ ಬಂದಂಗ ಬರೀಬ್ಯಾಡ್ರಿ, ಪುಸ್ತಕದಾಗ ಹೆಂಗೈತಿ ಹಂಗ ಬರೀರಿ ಅಂತ ನೀವ ಹೇಳ್ತಿದ್ರಲ್ಲರಿ? ನನಗೂ ಒಂಚೂರು ಸಂಶೆ ಬಂದಿತ್ತು. ಆದ್ರ ಮೊದಲನೇ ಹಾಳಿ ಮ್ಯಾಲೆ ನಿಮ್ಮ ಸೈ ಇತ್ತಲ್ರಿ."

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಕಡೆಯ ಕನ್ನಡ ಮಾಸ್ತರರ ಪಾಡು ನಿಮಗೆ ಗೊತ್ತಿರಬೇಕು. ನಮ್ಮ ಮಕ್ಕಳು ಸಂತಿಗೆ ಹೋಗುತ್ತಾರೆ, ಆದರೆ ಪರೀಕ್ಷೆಯಲ್ಲಿ ಸಂತೆಗೆ ಹೋಗಬೇಕು. ಮನೆಯಲ್ಲಿ ಅಗದಿ ಚಲೋ ಇದ್ದದ್ದು ಉತ್ತರಪತ್ರಿಕೆಯಲ್ಲಿ ಬಹಳ ಚೆನ್ನಾಗಿರಬೇಕು. ಇದೇ ಶಿವಲೀಲಾ ಎಂಟನೆಯ ತರಗತಿಯಲ್ಲಿ "ನಮ್ಮೂರ ಸಂತಿ" ಎಂದು ಎರಡು ಪುಟದ ಪ್ರಬಂಧ ಬರೆದಿದ್ದಳು. ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯುವಷ್ಟು ಜೀವಂತವಾಗಿತ್ತು. ನಾನು ಕೆಂಪು ಶಾಯಿಯಲ್ಲಿ ನಲವತ್ತು ಕಡೆ ಗೀಟು ಎಳೆದು, "ಬಾಯಿ ಹೇಳಿದ್ದು ಸುಳ್ಳು, ಪುಸ್ತಕ ಹೇಳಿದ್ದು ಖರೆ" ಎಂದು ಇಡೀ ತರಗತಿಗೆ ಸಾರಿದ್ದೆ. ವ್ಯಾಕರಣಕ್ಕೆಂದು ಹೇಳಿದ್ದನ್ನು ಅವಳು ಭೂಗೋಳಕ್ಕೂ ಅನ್ವಯಿಸಿಕೊಂಡಿದ್ದಳು. ಕಣ್ಣಾರೆ ಕಂಡ ಜಿಲ್ಲೆಯನ್ನು, ಅಕ್ಕನನ್ನು ಕೊಟ್ಟ ಜಿಲ್ಲೆಯನ್ನು, ನನ್ನ ಸಹಿಯ ಮೇಲಿನ ನಂಬಿಕೆಯಿಂದ ಅಳಿಸಿಬಿಟ್ಟಿದ್ದಳು. ಇಷ್ಟು ವಿಧೇಯಳಾದ ಶಿಷ್ಯೆಯನ್ನು ಪಡೆದದ್ದಕ್ಕೆ ನಾನು ಹೆಮ್ಮೆ ಪಡಬೇಕಿತ್ತು, ನಾಚಿಕೆಯಾಯಿತು.

ಪುಟ ತಿರುವಿದಷ್ಟೂ ನನ್ನ ಪುಣ್ಯದ ಪ್ರಮಾಣ ಹೆಚ್ಚುತ್ತಲೇ ಹೋಯಿತು. ಮುಖ್ಯಮಂತ್ರಿಗಳು ತೀರಿಕೊಂಡವರು, ಗ್ರಹಗಳು ಒಂದು ಹೆಚ್ಚು, ಅಂಚೆಚೀಟಿಯ ದರ ನನ್ನ ಮದುವೆಯ ಕಾಲದ್ದು. ಪರೀಕ್ಷೆಗೆ ಉಳಿದದ್ದು ಆರು ವಾರ. ಅವಳಿಗೆ ಹೇಗೆ ಹೇಳುವುದೆಂದು ನಾನು ಅನುಮಾನಿಸುತ್ತಿದ್ದಾಗ ಗಿರಿಜಾ ಒಳಗಿನಿಂದ ಬಂದು, ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು: "ತಂಗೀ, ನಿನ್ನ ತಪ್ಪಲ್ಲ ಬೇ. ಇವ್ರು ನಿನಗ ಹಳಸಿದ್ದು ಬಡಿಸ್ಯಾರ." ಶಿವಲೀಲಾ ಮೂರೂ ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಇಟ್ಟು, ಇದರಾಗ ಎಷ್ಟು ಉಳಿತೈತ್ರಿ ಸರ್ ಎಂದು ಮಾತ್ರ ಕೇಳಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನವೇ ನಾನು ಅವಳ ಊರಿಗೆ ಹೊರಟೆ, ಕೊಟ್ಟದ್ದನ್ನು ತಿರುಗಿ ಕೇಳಲು. ಬೇಡುವುದು ಕಷ್ಟವೆಂದು ಹಿರಿಯರು ಹೇಳುತ್ತಾರೆ; ಶಾಲು ಹೊದಿಸಿಕೊಂಡ ಜಾಗದಲ್ಲೇ ನಿಂತು ಬೇಡುವುದು ಇನ್ನೂ ಕಷ್ಟ. ವಾಚನಾಲಯದ ಹಿರಿಯ ಚನ್ನಬಸಪ್ಪನವರು ನನ್ನನ್ನು ಕಪಾಟಿನ ಮುಂದೆ ಕರೆದೊಯ್ದರು. ಗಾಜಿನ ಬಾಗಿಲಿಗೆ ಬೀಗ, ಬೀಗದ ಮೇಲೆ ಮೂರು ಬೆರಳಿನ ವಿಭೂತಿ, ಕುಂಕುಮ, ಒಂದು ಚೆಂಡುಹೂವು. ಪುಸ್ತಕ ಹರಿದಾವೆಂದು ಅವರು ಯಾರಿಗೂ ಬೀಗ ತೆಗೆಯುತ್ತಿರಲಿಲ್ಲವಂತೆ. ಹಟ ಹಿಡಿದು ಕೀಲಿಕೈ ಇಸಿದುಕೊಂಡವಳು ಶಿವಲೀಲಾ ಒಬ್ಬಳೇ. ಅವಳು ಬೀಗ ತೆಗೆಸಿದಾಗ ಹೊರಗೆ ಹೋದದ್ದು ಒಂದೇ ಪುಸ್ತಕ, ಕೃಷಿಯ ಕೈಪಿಡಿ. ಅದನ್ನು ಒಯ್ದ ಒಬ್ಬ ಹತ್ತಿಬೆಳೆಗಾರ ಅದರಲ್ಲಿ ಹೇಳಿದ ಪುಡಿಯೊಂದನ್ನು ಹುಡುಕುತ್ತ ಊರೂರು ಅಂಗಡಿ ತಿರುಗಿದ್ದನಂತೆ. ಬಹಳ ವಿಷವೆಂದು ಸರಕಾರ ಆ ಕೀಟನಾಶಕದ ಮಾರಾಟ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಸಿಗಲಿಲ್ಲವೆಂದು ಅವನಿಗೆ ಬೇಸರ, ಸಿಗಲಿಲ್ಲವಲ್ಲ ಎಂದು ನನಗೆ ಸಮಾಧಾನ. ಆ ಬೀಗಕ್ಕೆ ನಾನೂ ಮನಸ್ಸಿನಲ್ಲೇ ಒಂದು ಕೈ ಮುಗಿದೆ.

ಬಂದ ಕಾರಣ ಹೇಳಿದೆ. ಚನ್ನಬಸಪ್ಪನವರ ಮುಖ ಗಂಟಾಯಿತು. "ಉಡಿ ತುಂಬಿ ಕಳಿಸಿದ ಮಗಳನ್ನ ತಿರುಗಿ ಕರಕೊಂಡು ಹೋಗ್ತೀರೇನ್ರಿ ಮಾಸ್ತರ? ಶೋಭಾ ಅಲ್ಲದು. ದಾನದ ಆಕಳ ಹಲ್ಲು ನಾವೂ ಎಣಸಿಲ್ಲ, ನೀವೂ ಎಣಸಬ್ಯಾಡ್ರಿ."

ಗಾದೆಗೆ ಗಾದೆಯಿಂದಲೇ ಉತ್ತರ ಕೊಡುವ ಚಪಲ ನನಗೆ ಹುಟ್ಟಿನಿಂದ ಬಂದದ್ದು. ಅಂದು ಮಾತ್ರ ಒಂದೂ ನೆನಪಾಗಲಿಲ್ಲ. ಗಿರಿಜಾಳ ಮಾತೇ ಬಾಯಿಗೆ ಬಂತು. "ಮಗಳಲ್ರಿ ಯಜಮಾನ್ರ. ಹಳಸಿದ ಅನ್ನ ದಾಸೋಹಕ್ಕ ಕೊಟ್ಟೇನಿ. ಉಂಡವರಿಗೆ ಹೊಟ್ಟಿ ಕೆಟ್ಟೈತಿ" ಎಂದೆ. ಪಕ್ಕದ ಮಠದಲ್ಲಿ ದಿನವೂ ದಾಸೋಹದ ಪಂಕ್ತಿಗೆ ಸ್ವತಃ ನಿಂತು ಬಡಿಸುವವರು ಅವರು. ಹಸಿದವರಿಗೆ ಕೊಡುವ ಅನ್ನ ಮನೆಯವರು ಉಣ್ಣುವ ಅನ್ನಕ್ಕಿಂತ ಒಂದು ಕೈ ಮೇಲಿರಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೀಲಿಕೈ ತೆಗೆದು ನನ್ನ ಕೈಗಿಟ್ಟರು. ದಾನದ ಬಗ್ಗೆ ನಾನು ಮುಕ್ಕಾಲು ಗಂಟೆ ಹೇಳಿದ್ದರಲ್ಲಿ ಈ ಒಂದು ಮಾತು ಎಲ್ಲೂ ಬಂದಿರಲಿಲ್ಲ.

ಮಾಬೂಸಾಬನಿಗೆ ಫೋನು ಮಾಡಿ, ಹಿಂದಿನ ಉಪನ್ಯಾಸವನ್ನು ಮರೆತುಬಿಡುವಂತೆ ವಿನಂತಿಸಿಕೊಂಡೆ. ಎರಡು ದಿನದಲ್ಲಿ ಆ ಕಡೆ ರದ್ದಿ ಕೂಡಿಸುವ ಫೇರಿಗೆ ಬಂದಾಗ ಅವನು ವಾಚನಾಲಯದ ಕಟ್ಟೆಯ ಮೇಲೆ ನಮ್ಮ ಜೊತೆ ಕೂತ. ನಾನು, ಶಿವಲೀಲಾ, ಅವನು, ಮೂವರೂ ಒಂದೊಂದೇ ಪುಸ್ತಕ ಎತ್ತಿ ಆರಿಸಿದೆವು. ನಾನು ಪ್ರತಿಯೊಂದಕ್ಕೂ ವಕೀಲಿ ಮಾಡುತ್ತಿದ್ದೆ. ಮಾಬೂಸಾಬ ಕಡೆಗೆ ಬೇಸತ್ತು ಒಂದು ಸೂತ್ರ ಹೇಳಿದ: "ಸರ್, ಇದು ಕಥಿ ಏನು, ಸುದ್ದಿ ಏನು? ಅಷ್ಟು ಹೇಳ್ರಿ ಸಾಕು. ಕಥಿಗೆ ವಯಸ್ಸಿಲ್ರಿ, ಸುದ್ದಿಗೈತಿ." ಇಷ್ಟು ಶುದ್ಧವಾದ ವಿಮರ್ಶಾತತ್ತ್ವವನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿರಲಿಲ್ಲ. ಕಾದಂಬರಿ, ಪುರಾಣ, ಪ್ರವಾಸಕಥನ ಉಳಿದವು. ಹಳೆಯ ಕಾನೂನು, ಔಷಧ, ಸಾಮಾನ್ಯಜ್ಞಾನ ಹೋದವು. ಎರಡೆರಡು ಇದ್ದವು ಪಕ್ಕದ ಊರಿನ ಶಾಲೆಗೆ, ಅಲ್ಲಿಯವರನ್ನು ಬೇಕೇ ಎಂದು ಕೇಳಿದ ಮೇಲೆ. ನನ್ನ ಕವನಸಂಕಲನದ ಅರವತ್ತು ಪ್ರತಿಗಳು ಬಂದಾಗ ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಕಥೆಯೂ ಅಲ್ಲ, ಸುದ್ದಿಯೂ ಆಗಿರಲಿಲ್ಲ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ನಾನೇ ತಕ್ಕಡಿಗೆ ಎತ್ತಿಕೊಟ್ಟೆ. ತೂಕದ ಕವಿ ಎನಿಸಿಕೊಳ್ಳುವ ಭಾಗ್ಯ ಹಾಗಾದರೂ ಬಂತು.

ಪುಸ್ತಕಕ್ಕೂ ಸಾವುಂಟು ಎಂದು ಒಪ್ಪಿಕೊಳ್ಳಲು ನನಗೆ ಅರವತ್ತು ದಾಟಬೇಕಾಯಿತು. ಸತ್ತದ್ದನ್ನು ಗೌರವದಿಂದ ಕಳಿಸಿಕೊಟ್ಟರೆ ಅದು ಮತ್ತೆ ಕಾಗದವಾಗಿ ಹುಟ್ಟಿ, ಯಾವುದೋ ಮಗುವಿನ ಕಾಪಿಪುಸ್ತಕವಾಗುತ್ತದೆ. ಅದನ್ನು ಇನ್ನೊಬ್ಬರ ಮನೆಯ ಅಟ್ಟಕ್ಕೇರಿಸಿ ನಾನು ಪುಣ್ಯವಂತನಾಗಲು ಹೊರಟಿದ್ದೆ.

ಮುಂದಿನ ಐದು ರವಿವಾರ ನಾನು ಆ ಹಳ್ಳಿಗೆ ಹೋದೆ. ಹುಬ್ಬಳ್ಳಿಯಲ್ಲಿ ಹೊಸ ಪುಸ್ತಕಗಳನ್ನು ಕೊಂಡೊಯ್ದೆ. ಹೊಸವೆಂದರೆ ನಾನು ಕೊನೆಯ ಹಾಳೆಯವರೆಗೂ ಓದಿ ನೋಡಿದವು. ನೋಟ್‌ಬುಕ್ಕಿನಲ್ಲಿ ಕೆಟ್ಟದ್ದನ್ನು ಅವಳೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು. ಅವಳ ಗಂಡ ಬಾಜೂಕ್ಕೆ ಕೂತು ಹತ್ತಿ ಬಿಡಿಸುತ್ತ, ಹೊಡಿ, ಇನ್ನೊಂದು ಹೊಡಿ ಎಂದು ಹುರಿದುಂಬಿಸುತ್ತಿದ್ದ. ಪ್ರತಿ ಉತ್ತರಕ್ಕೂ ಅವಳು ನನ್ನನ್ನು ಕೇಳುವ ಮಾತು ಒಂದೇ: ಇದು ಖರೆ ಏನ್ರಿ ಸರ್, ನೋಡೀರೇನ್ರಿ? ಮೂವತ್ತೈದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ಕೇಳಿರಲಿಲ್ಲ. ಕೇಳಲು ನಾನು ಕಲಿಸಿರಲಿಲ್ಲ, ಅಷ್ಟೇ. ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವವರೆಗೆ ನಾನು ದೇವರಿಗೆ ಹರಕೆ ಹೊತ್ತದ್ದನ್ನು ಗಿರಿಜಾಳಿಗೂ ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ಫೋನು ಬಂತು. ಅತ್ತಲಿಂದ ಮಾತೇ ಇಲ್ಲ, ಬರೀ ಅಳು. ಈ ಸಲವೂ ಹೋಯಿತೆಂದುಕೊಂಡೆ. ಆಮೇಲೆ ಅವಳ ಗಂಡ ಫೋನು ಇಸಿದುಕೊಂಡು, "ಆತ್ರಿ ಸರ್, ಕೆಲಸ ಆತು! ಇಕಿ ಖುಷಿಗೆ ಅಳಾಕತ್ತಾಳ" ಎಂದ. ಈ ಕಡೆ ಇನ್ನೊಬ್ಬನೂ ಅಳುತ್ತಿದ್ದಾನೆಂದು ಅವನಿಗೆ ಗೊತ್ತಾಗಲಿಲ್ಲ.

ಮೊನ್ನೆ ಅವಳ ಗ್ರಂಥಾಲಯ ನೋಡಲು ಹೋಗಿದ್ದೆ. ಕುಂದಗೋಳದ ಆಚೆಗಿನ ಪಂಚಾಯ್ತಿ ಕಟ್ಟಡದ ಒಂದು ಕೋಣೆ. ಬರಿಗೈಲಿ ಹೋಗಬಾರದೆಂದು, ಅಟ್ಟಕ್ಕೇರದೆ ನನ್ನ ಮೇಜಿನ ಮೇಲೇ ಉಳಿದಿದ್ದ ಪುಸ್ತಕಗಳಲ್ಲಿ ಹದಿನಾರನ್ನು ಬಹಳ ವಿವೇಚಿಸಿ ಆರಿಸಿ ಒಯ್ದಿದ್ದೆ. ಅವಳು ಎದ್ದು ಕಾಲಿಗೆ ನಮಸ್ಕರಿಸಿದಳು, ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಆಮೇಲೆ ಮೇಜಿನ ಆಚೆ ಬದಿಗೆ ಹೋಗಿ ಕೂತು, ನನ್ನ ಚೀಲವನ್ನು ತನ್ನೆಡೆಗೆ ಎಳೆದುಕೊಂಡಳು. ಒಂದೊಂದನ್ನೇ ತೆಗೆದು, ಅಚ್ಚಾದ ವರ್ಷ ನೋಡಿ, ನಡುವೆ ಎರಡು ಕಡೆ ತೆರೆದು ಓದಿ, ಹನ್ನೊಂದನ್ನು ಎಡಕ್ಕೆ, ಐದನ್ನು ಬಲಕ್ಕೆ ಇಟ್ಟಳು. ಬಲಗಡೆಯ ಗುಡ್ಡೆಯಲ್ಲಿ ನನಗೆ ಬಹಳ ಪ್ರೀತಿಯ, ಚರ್ಮದ ರಟ್ಟಿನ ವಿಶ್ವಭೂಗೋಳವೂ ಇತ್ತು. ಎಂಥಾ ಪುಸ್ತಕವವ್ವಾ ಅದು ಎಂದು ಬಾಯಿ ಬಿಟ್ಟೆ.

"ಅಗದಿ ಚಲೋ ಐತ್ರಿ ಸರ್, ನಿಮ್ಮ ಮನಿಯಾಗ ಇರ್ಲಿ. ನೀವು ಓದಿದ್ರ ಖರೆ ಯಾವ್ದು, ಸುಳ್ಳು ಯಾವ್ದು ನಿಮಗ ತಿಳೀತೈತಿ. ಇಲ್ಲಿ ಇಟ್ಟದ್ದನ್ನ ಮಂದಿ ನಂಬ್ತಾರ್ರಿ."

ಅವಳು ರಿಜಿಸ್ಟರು ತೆರೆದು, ಬಂದ ಪುಸ್ತಕ ಹದಿನಾರು, ಸ್ವೀಕರಿಸಿದ್ದು ಹನ್ನೊಂದು ಎಂದು ಬರೆದು ಸಹಿಗೆಂದು ನನ್ನ ಮುಂದಿಟ್ಟಳು. ಜೀವನವೆಲ್ಲ ಮಂದಿಯ ಉತ್ತರಪತ್ರಿಕೆಗೆ ಅಂಕ ಹಾಕಿದವನು ನಾನು. ನನಗೆ ಅಂಕ ಬಿದ್ದದ್ದನ್ನು ಕಂಡು ಅದೆಷ್ಟು ಕಾಲವಾಗಿತ್ತೋ. ಹದಿನಾರಕ್ಕೆ ಹನ್ನೊಂದು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಪಾಸಾದೆನೇನವ್ವಾ ಎಂದು ಕೇಳಿದೆ.

ಶಿವಲೀಲಾ ಉಳಿದ ಐದನ್ನು ಹುರಿಯಿಂದ ಬಿಗಿಯಾಗಿ ಕಟ್ಟಿ, ಎರಡೂ ಕೈಯಿಂದ ನನ್ನ ಮಡಿಲಿಗಿಟ್ಟು ನಕ್ಕಳು. "ಫಸ್ಟ್ ಕ್ಲಾಸ್ ರೀ ಸರ್. ಈ ಐದು ವಿಷಯ ಅಷ್ಟ ಹೋಗ್ಯಾವು."